ಗಡಿಯಾರದ ಗರ್ಭದಲ್ಲಿರುವ ಶಾಸನ

ತಾಡವೋಲೆಯ ಗ್ರಂಥವೊಂದರ ಕಾಲವನ್ನು ನಿರ್ಣಯಿಸುವವರು ಅದನ್ನಿರಿಸಿದ ಪೆಟ್ಟಿಗೆಯನ್ನಾಗಲಿ ಸುತ್ತಿದ ವಸ್ತ್ರವನ್ನಾಗಲಿ ಪ್ರಮಾಣವೆಂದು ಹಿಡಿಯುವುದಿಲ್ಲ. ಓಲೆಯನ್ನು ಬಿಚ್ಚಿ ಲಿಪಿಯನ್ನು ನೋಡುತ್ತಾರೆ. ವೇಣೂರಿನ ಗೊಮ್ಮಟನು 1604ರಲ್ಲಿ ಪ್ರತಿಷ್ಠಿತನಾದನೆಂಬುದಕ್ಕೆ ಅಲ್ಲಿಯ ಶಾಸನವೇ ಸಾಕ್ಷಿಯು. ಇದೇ ನ್ಯಾಯವು ನಮ್ಮ ಮನೆಗಳಲ್ಲಿ ನಿಂತುಹೋಗಿರುವ ಹಳೆಯ ಗಡಿಯಾರಗಳಿಗೂ ಸಲ್ಲತಕ್ಕದ್ದೆಂಬುದನ್ನು ವಾಚಕ ಮಹಾಶಯರಲ್ಲಿ ನಿವೇದಿಸುವುದೇ ಈ ಲೇಖನದ ಉದ್ದೇಶವು.

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಹಳೆಯ ಮನೆಗಳಲ್ಲಿ ಹಿರಿಯರ ಗಡಿಯಾರವೊಂದಾದರೂ ಪೆಟ್ಟಿಗೆಯ ತಳದಲ್ಲಿ ಇರದಿರುವುದು ಅಪರೂಪವು. ಅದರ ಕವಚವನ್ನು ಬದಲಾಯಿಸಬಹುದು, ಮುಖಫಲಕಕ್ಕೆ ಹೊಸ ಬಣ್ಣ ಬಳಿಯಬಹುದು. ಮುಖದ ಮೇಲಣ ಹೆಸರು ಕೆಲವೊಮ್ಮೆ ಮಾರಿದವರದೇ ಹೊರತು ಒಳಯಂತ್ರವನ್ನು ರಚಿಸಿದವರದಲ್ಲ. ಮುಂಬಯಿಯಲ್ಲಿ ಹೆಸರುವಾಸಿಯಾಗಿದ್ದ ವೆಸ್ಟ್ ಎಂಡ್ ಕಂಪೆನಿಯ ಎಷ್ಟೋ ಗಡಿಯಾರಗಳೊಳಗೆ ಸ್ವಿಜರ್ಲೆಂಡಿನ ಲಾಂಜೀನ್ ಮೊದಲಾದವರ ಯಂತ್ರಗಳಿರುವುವು. ಆದುದರಿಂದ ಹಿಂಬದಿಯ ಮುಚ್ಚಳವನ್ನು ತೆರೆದು ನೋಡಿದ ಹೊರತು ಸತ್ಯವು ತಿಳಿಯಲಾರದು.

ಒಳಗೆ ನೋಡತಕ್ಕ ಲಕ್ಷಣಗಳು ಐದು. ಮೊದಲನೆಯದು, ಕೀಲಿ ಕೊಡುವ ಕ್ರಮ. ಪ್ರತ್ಯೇಕ ಕೀಲಿಕೈಗೆ ರಂಧ್ರವಿದ್ದರೆ ಅದು ಪ್ರಾಚೀನ ಪದ್ಧತಿಯು. ತಲೆಯ ಗುಂಡಿಯನ್ನು ತಿರುಗಿಸುವ ಕ್ರಮಕ್ಕೆ ಏಡ್ರಿಯನ್ ಫಿಲಿಪ್ 1845ರಲ್ಲಿ ಸ್ವಾಮ್ಯವನ್ನು ಪಡೆದನು. ಎರಡನೆಯದು, ಕಮಾನಿನ ಬಲವು ಒಮ್ಮೆಲೇ ಹರಿದುಹೋಗದಂತೆ ತಡೆತಡೆದು ಬಿಡುವ ಸನ್ನೆಯು. ಉತ್ತಮ ಯಂತ್ರಗಳಲ್ಲಿ ಈ ಸನ್ನೆಯ ತುದಿಗಳಲ್ಲಿ ಕೆಂಪು ಮಾಣಿಕ್ಯದ ಹರಳುಗಳಿರುತ್ತವೆ. ರೋಸ್ಕಾಫನು 1867ರ ಸುಮಾರಿಗೆ ಬಡವರಿಗೆಂದು ರಚಿಸಿದ ಗಡಿಯಾರದಲ್ಲಿ ಹರಳುಗಳಿಗೆ ಬದಲಾಗಿ ಉಕ್ಕಿನ ಸಣ್ಣ ಕಡ್ಡಿಗಳಿರುವುವು; ಅದರ ಟಿಕಟಿಕ ಶಬ್ದವೂ ಗಟ್ಟಿಯಾದುದು.

ಮೂರನೆಯದು, ಹಿಂದಕ್ಕೂ ಮುಂದಕ್ಕೂ ತೂಗುವ ಚಕ್ರವು. ಅಂಚು ಎರಡು ಲೋಹಗಳಿಂದಾಗಿ, ಎರಡೆಡೆ ಕತ್ತರಿಸಲ್ಪಟ್ಟು, ಸುತ್ತಲೂ ತಿರುಪುಗಳಿದ್ದರೆ, ಸೆಕೆ-ಚಳಿಗಳಿಂದಾಗುವ ದೋಷವನ್ನು ಸರಿಪಡಿಸುವ ಹಳೆಯ ಉಪಾಯವೆಂದು ತಿಳಿಯತಕ್ಕದ್ದು. 1920ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಗಿಲ್ಯೋಮನು ಕಂಡುಹಿಡಿದ ಮಿಶ್ರಲೋಹಗಳು ಬಳಕೆಗೆ ಬಂದ ಮೇಲೆ ಅಖಂಡವಾದ ಅಂಚಿನ ಚಕ್ರವೇ ಸಾಕಾಯಿತು. ನಾಲ್ಕನೆಯದು, ಬಿದ್ದರೆ ಅಚ್ಚು ಮುರಿಯದಂತೆ ಕಾಯುವ ಪುಟ್ಟ ಕಮಾನು. ಲೈರ್ ಎಂಬ ಪಾಶ್ಚಾತ್ಯ ತಂತಿವಾದ್ಯದಂತೆ ಕಾಣುವ ಇಂಕಾಬ್ಲಾಕ್ ಕಮಾನು 1934ರಿಂದೀಚಿನದು. ಜಪಾನಿನ ಸಿಟಿಜನ್ ಕಂಪೆನಿಯ ಪ್ಯಾರಾಶಾಕ್ 1956ರದು. ಐದನೆಯದು, ತೂಗುಚಕ್ರದ ಅಡಿಯಲ್ಲಿ ತಟ್ಟೆಯ ಮೇಲೊತ್ತಿದ ರಚಕನ ಮುದ್ರೆ ಮತ್ತು ಅಂಕೆಯು. ಏ.ಎಸ್. ಎಂಬ ರೋಮನ್ ಅಕ್ಷರಗಳಿದ್ದರೆ ಅದು ಗ್ರೆಂಚನ್ ಪಟ್ಟಣದ ಏ. ಶಿಲ್ಡ್ ಕಾರ್ಖಾನೆಯದು. ಇದೇ ನಿಜವಾದ ಶಾಸನವು.

ಇಂತಹ ಯಂತ್ರಗಳಲ್ಲಿ ಬಹುಸಂಖ್ಯಾತವಾದುವು ಗಂಟೆಗೆ 18,000 ಸಲ ಮಿಡಿಯುತ್ತವೆ. ನಮ್ಮ ಪೂರ್ವಿಕರ ಘಟಿಕೆಯು 24 ನಿಮಿಷಗಳಷ್ಟೆ; ಜಲಪಾತ್ರೆಯೊಂದು ಒಮ್ಮೆ ತುಂಬಿ ಮುಳುಗುತ್ತಿದ್ದ ಆ ಅವಧಿಯಲ್ಲಿ ಈ ಪುಟ್ಟ ಚಕ್ರವು 7,200 ಸಲ ಮಿಡಿಯುವುದು.

ಇಲ್ಲಿ ನನ್ನ ಅನುಭವವೊಂದನ್ನು ಹೇಳತಕ್ಕುದಿದೆ. ನಮ್ಮ ಮನೆಯಲ್ಲಿ 'ಅಜ್ಜನ ವಾಚು' ಎಂದು ಪೂಜ್ಯವಾಗಿದ್ದ ಕೈಗಡಿಯಾರವೊಂದಿತ್ತು. ಅಜ್ಜನವರು 1931ರಲ್ಲಿ ದಿವಂಗತರಾದರು. ಮೊಮ್ಮಕ್ಕಳಿಗಾಗಿ ಅದರ ವೃತ್ತಾಂತವನ್ನು ಬರೆದಿಡಬೇಕೆಂದು ಬಂಟವಾಳ ಪೇಟೆಯ ರಿಪೇರಿಯವರೊಬ್ಬರಿಂದ ಮುಚ್ಚಳ ತೆರೆಯಿಸಿದೆನು. ಭೂತಗನ್ನಡಿಯಲ್ಲಿ ಕಂಡದ್ದು ಇಂಕಾಬ್ಲಾಕಿನ ಆ ವಾದ್ಯಾಕೃತಿಯ ಕಮಾನೇ! ಅಜ್ಜನವರು ಆ ಯಂತ್ರವನ್ನು ಕಂಡಿರಲಾರರು. ಅದನ್ನು ಪ್ರತಿನಿತ್ಯ ಬೆಳಿಗ್ಗೆ ಕೀಲಿ ಕೊಟ್ಟು ಕಟ್ಟಿಕೊಂಡವರು ನನ್ನ ತೀರ್ಥರೂಪರು. ಅವರು ಬದುಕಿರುವಾಗ ನಾನು ಕೇಳಲಿಲ್ಲ; ಈಗ ಕೇಳುವುದಕ್ಕೆ ಅವರಿಲ್ಲ. ಒಂದು ಗಳಿಗೆ ಮನಸ್ಸಿಗೆ ಖೇದವಾಯಿತು. ಆದರೆ ಅಜ್ಜನ ಹೆಸರಿನ ಹಿಂದೆ ಇಷ್ಟು ಕಾಲ ಮರೆಯಾಗಿದ್ದ ತಂದೆಯೇ ಮರಳಿ ದೊರೆತಂತಾಯಿತಲ್ಲವೆ ಎಂದು ಸಮಾಧಾನಗೊಂಡು, 'ಇದು ತಂದೆಯವರ ಗಡಿಯಾರ' ಎಂದೇ ಚೀಟಿ ಬರೆದಿಟ್ಟೆನು.

ಆದರೂ ಒಂದು ಎಚ್ಚರವು ಬೇಕು. ಬಿಡಿಭಾಗಗಳೂ ಬದಲಾಗುವುದುಂಟು. ಆದುದರಿಂದ ಒಂದೇ ಲಕ್ಷಣವನ್ನು ನಂಬದೆ ಐದನ್ನೂ ತಾಳೆ ನೋಡಬೇಕು. ಲಕ್ಷಣವು 'ಇದಕ್ಕಿಂತ ಹಿಂದಿನದಲ್ಲ' ಎಂಬಷ್ಟನ್ನೇ ಹೇಳುವುದು.

ಬೆಂಗಳೂರಿನಲ್ಲಿ ಸಿಟಿಜನ್ ಕಂಪೆನಿಯ ಸಹಕಾರದಿಂದ 1961ರಲ್ಲಿ ಆರಂಭವಾದ ಎಚ್.ಎಂ.ಟಿ. ಗಡಿಯಾರಗಳಿಗೂ ಈ ಪರೀಕ್ಷೆಯು ಅವಶ್ಯಕವು. ಅವುಗಳ ಉದ್ಯಮವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರವು ನಿಶ್ಚಯಿಸಿದ ತರುವಾಯ ಹಳೆಯವುಗಳಿಗೆ ಬೆಲೆ ಬಂದು, ಮುಖಕ್ಕೆ ಬಣ್ಣ ಬಳಿದು, ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿ ಮಾರುವುದು ನಡೆದಿದೆ. ಹೊಳೆಯುವ ಮುಖಕ್ಕೆ ಮರುಳಾಗಿ ನಮ್ಮ ಮನೆಯ ಮಂಕಾದ, ಆದರೆ ಅಚ್ಚಳಿಯದ ಗಡಿಯಾರವನ್ನು ಬಿಟ್ಟುಕೊಡುವುದು ವಿವೇಕವಲ್ಲ.

ಆದಕಾರಣ ವಾಚಕರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಗಡಿಯಾರವನ್ನು ರಿಪೇರಿಗೋ ಮಾರಾಟಕ್ಕೋ ಕೊಡುವುದಕ್ಕೆ ಮೊದಲು ಅದರ ಗರ್ಭದ ಮುದ್ರೆಯನ್ನು ಬರೆದಿಟ್ಟುಕೊಳ್ಳಿರಿ, ಅದನ್ನು ಕಟ್ಟಿಕೊಂಡವರು ಬದುಕಿದ್ದರೆ ಇಂದೇ ಕೇಳಿರಿ. ನಿಂತ ಗಡಿಯಾರವನ್ನು ಮರಳಿ ನಡೆಸಬಹುದು. ಕೇಳದೆ ಕಳೆದ ಗಳಿಗೆಯನ್ನು ನಡೆಸಲಾಗದು.