ಕೈವಾರದ ಅಕ್ಷರಗಳು: ರೇಖಾಗಣಿತದ ಅಚ್ಚುಮೊಳೆಯಿಂದ ಮುಕ್ತ ಫಾಂಟಿನವರೆಗೆ

ಅಕ್ಷರದ ಚೆಲುವನ್ನು ಕೈವಾರ ಮತ್ತು ಅಳತೆಪಟ್ಟಿಗಳಿಂದ ನಿರ್ಣಯಿಸಬಹುದೆಂಬ ನಂಬಿಕೆಯು ಯೂರೋಪಿನಲ್ಲಿ ಮುದ್ರಣಕಲೆಯ ಶೈಶವದಷ್ಟು ಹಳೆಯದು. 1509ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಗಣಿತಜ್ಞ ಲೂಕಾ ಪಾಚೋಲಿಯೂ, 1525ರಲ್ಲಿ ನ್ಯೂರೆಂಬರ್ಗಿನ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರನೂ, ರೋಮನ್ ಲಿಪಿಯ ದೊಡ್ಡಕ್ಷರಗಳನ್ನು ಚೌಕ ಮತ್ತು ವೃತ್ತಗಳ ಚೌಕಟ್ಟಿನಲ್ಲಿ ಕಟ್ಟುವ ವಿಧಾನವನ್ನು ಸಚಿತ್ರವಾಗಿ ನಿರೂಪಿಸಿದರು. ಪುಸ್ತಕವನ್ನು ಕೊಂಡ ಯಾವ ಕಲ್ಲುಕುಟಿಗನಾದರೂ, ಬಣ್ಣಗಾರನಾದರೂ ಆ ವಿಧಾನವನ್ನು ಅನುಸರಿಸಬಹುದಾಗಿದ್ದಿತು; ಅದಕ್ಕೆ ಒಡೆಯನೆಂಬವನಿರಲಿಲ್ಲ.

ಒಡೆತನದ ಪ್ರಶ್ನೆ ತಲೆಯೆತ್ತಿದುದು ಫ್ರಾನ್ಸಿನಲ್ಲಿ. ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, 1690ರ ದಶಕದಲ್ಲಿ, ವಿದ್ವಾಂಸರ ಸಮಿತಿಯೊಂದು ರಾಜಮುದ್ರಣಾಲಯಕ್ಕೆಂದು ಹೊಸ ಅಕ್ಷರಗಳನ್ನು ಯೋಜಿಸಿತು. ದೊಡ್ಡಕ್ಷರವೊಂದಕ್ಕೆ 2,304 ಪುಟ್ಟ ಚೌಕಗಳ ಜಾಲವನ್ನು ಹಾಸಿ, ಪ್ರತಿಯೊಂದು ಬಾಗನ್ನೂ ಅದರ ಮೇಲೆ ಅಳೆದು ಬರೆದ ಆ ಸಮಿತಿಯ ಶ್ರದ್ಧೆ ಅಸಾಧಾರಣವಾದುದು. ಆದರೆ ಉಕ್ಕಿನ ಮೊಳೆಯ ತುದಿಯಲ್ಲಿ ಆ ಆಕಾರಗಳನ್ನು ಕೊರೆಯಬೇಕಾಗಿ ಬಂದ ಫಿಲಿಪ್ ಗ್ರಾಂಜಾನನು ಜಾಲವನ್ನು ಅಕ್ಷರಶಃ ಅನುಸರಿಸಲಿಲ್ಲ. ಕಣ್ಣಿಗೆ ಒಪ್ಪದೆಡೆಯಲ್ಲಿ ಗಣಿತವನ್ನು ಕೈಬಿಟ್ಟನು. 1702ರಲ್ಲಿ ಬೆಳಕು ಕಂಡ ಆ ಮೊಳೆಗಳನ್ನು ಅನುಕರಿಸುವುದು ಇತರ ಮುದ್ರಕರಿಗೆ ನಿಷಿದ್ಧವಾಗಿದ್ದಿತು. ಚೌಕದ ಜಾಲವನ್ನು ಯಾರು ಬೇಕಾದರೂ ಗೀಚಬಹುದು. ಗ್ರಾಂಜಾನನ ತಿದ್ದುಪಡಿಯನ್ನು ಮಾತ್ರ ಅರಸು ಕಾವಲಿಟ್ಟು ಕಾಪಾಡಿದನೆಂದು ನಾನು ಈ ಪ್ರಸಂಗವನ್ನು ಓದುತ್ತೇನೆ. ರೇಖಾಗಣಿತೀಯ ಅಕ್ಷರಗಳ ಮುಂದಿನ ಚರಿತ್ರೆಯೆಲ್ಲವೂ ಈ ತಿದ್ದುಪಡಿ ಯಾರ ಸೊತ್ತು ಎಂಬ ವ್ಯಾಜ್ಯದ ಸುತ್ತಲೇ ಬೆಳೆದಿದೆ.

ಇಪ್ಪತ್ತನೆಯ ಶತಮಾನದ ಜರ್ಮನಿಯಲ್ಲಿ, ಅಕ್ಷರವನ್ನು ಕೈವಾರದಿಂದ ಕಟ್ಟುವ ಹಂಬಲವು ಬೇರೊಂದು ವೇಷದಲ್ಲಿ ಮರಳಿತು. 1925ರಲ್ಲಿ ಬೌಹೌಸ್ ಕಲಾಶಾಲೆಯ ಹರ್ಬರ್ಟ್ ಬಾಯರನು ದೊಡ್ಡಕ್ಷರಗಳನ್ನೇ ತ್ಯಜಿಸಿ, ಸಣ್ಣಕ್ಷರಗಳನ್ನು ವೃತ್ತಖಂಡಗಳಿಂದಲೂ ಸರಳರೇಖೆಗಳಿಂದಲೂ ಕಟ್ಟಲೆತ್ನಿಸಿದನು. ಅದು ಪ್ರಣಾಳಿಕೆಯಾಗಿ ಸೊಗಸು, ಓದುವುದಕ್ಕೆ ಪ್ರಯಾಸ. ಅದಕ್ಕೆ ಮೊದಲೇ, 1924ರಲ್ಲಿ, ಪ್ರಕಾಶಕ ಯಾಕೋಬ್ ಹೆಗ್ನರನು ಪೌಲ್ ರೆನ್ನರನನ್ನು ಕಂಡು, ತಮ್ಮ ಕಾಲಕ್ಕೆ ಸಲ್ಲುವ ಅಕ್ಷರವೊಂದು ಬೇಕೆಂದು ಕೇಳಿದ್ದನು. ಚಿತ್ರಕಾರನಾಗಿಯೂ ಗ್ರಂಥವಿನ್ಯಾಸಕನಾಗಿಯೂ ಪಳಗಿದ್ದ ರೆನ್ನರನು ಬರೆದ ಮೊದಲ ನಕ್ಷೆಗಳಲ್ಲಿ ಸಣ್ಣ ‘ಆರ್’ ಅಕ್ಷರವೆಂದರೆ ಒಂದು ಕಂಬ, ಅದರ ಪಕ್ಕದಲ್ಲೊಂದು ಬಿಂದು. ‘ಎನ್’ ಅಕ್ಷರಕ್ಕೆ ಬಾಗೇ ಇಲ್ಲ, ಚೌಕದ ಮೂರು ಭುಜಗಳಷ್ಟೆ. ಫ್ರಾಂಕ್‌ಫರ್ಟಿನ ಬೌವರ್ ಅಚ್ಚುಮೊಳೆ ಕಾರ್ಖಾನೆಯಲ್ಲಿ, ಕಲಾನಿರ್ದೇಶಕ ಹೈನ್‌ರಿಖ್ ಯೋಸ್ಟನ ಸಮಕ್ಷಮದಲ್ಲಿ, ಈ ವಿಚಿತ್ರಗಳು ಒಂದೊಂದಾಗಿ ಹಿಂದೆ ಸರಿದು, 1927ರಲ್ಲಿ ‘ಫ್ಯೂಚುರಾ’ ಎಂಬ ಹೆಸರಿನಿಂದ ಮೊಳೆಗಳು ಮಾರಾಟಕ್ಕೆ ಬಂದವು.

ಫ್ಯೂಚುರಾವನ್ನು ಹತ್ತಿರದಿಂದ ನೋಡಿದವರಿಗೆ ಅದರ ಜಾಣತನ ತಿಳಿಯುತ್ತದೆ. ದೊಡ್ಡಕ್ಷರಗಳು ಪ್ರಾಚೀನ ರೋಮಿನ ಶಿಲಾಶಾಸನಗಳ ಪ್ರಮಾಣವನ್ನು ಅನುಸರಿಸುತ್ತವೆ: ‘ಓ’ ತುಂಬು ದುಂಡಗೆ, ‘ಇ’ ಮತ್ತು ‘ಎಫ್’ಗಳು ಅರೆಚೌಕದಷ್ಟು ಕಿರಿದು. ಅಡ್ಡಗೆರೆಯ ದಪ್ಪವು ಕಂಬದ ದಪ್ಪಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಏಕೆಂದರೆ ಸಮಾನ ದಪ್ಪದ ಅಡ್ಡಗೆರೆಯು ಕಣ್ಣಿಗೆ ಹೆಚ್ಚು ದಪ್ಪವಾಗಿ ತೋರುತ್ತದೆ. ದುಂಡಕ್ಷರಗಳು ಅಡಿಗೆರೆಯನ್ನು ದಾಟಿ ಸ್ವಲ್ಪ ಕೆಳಕ್ಕೆ ಇಳಿಯುತ್ತವೆ. ಇಳಿಯದಿದ್ದರೆ ಪಕ್ಕದ ಚೌಕಾಕ್ಷರಗಳಿಗಿಂತ ಚಿಕ್ಕವಾಗಿ ಕಾಣುತ್ತವೆ. ಅಕ್ಷರದ ಬಟ್ಟಲಿನಂತಹ ಬಾಗು ಕಂಬವನ್ನು ಸಂಧಿಸುವೆಡೆಯಲ್ಲಿ ಗೆರೆಯು ಸಣ್ಣಗಾಗದಿದ್ದಲ್ಲಿ ಶಾಯಿ ಅಲ್ಲಿ ಮಡುಗಟ್ಟಿ ಕಪ್ಪುಚುಕ್ಕೆಯಾದೀತು. ಹೀಗೆ ಶುದ್ಧ ವೃತ್ತವೆಂದು ನಾವು ಮೆಚ್ಚುವುದು ವಾಸ್ತವದಲ್ಲಿ ವೃತ್ತದಂತೆ ತೋರಲು ಬಗ್ಗಿಸಿದ ಆಕಾರ. ಈ ಮಿತವಾದ ಸುಳ್ಳಿನಲ್ಲಿಯೇ ಅದರ ದೀರ್ಘಾಯುಷ್ಯದ ಗುಟ್ಟಿರಬೇಕು. 1969ರಲ್ಲಿ ಚಂದ್ರನ ನೆಲದಲ್ಲಿ ಬಿಟ್ಟುಬಂದ ಫಲಕದ ಬರಹವೂ ಫ್ಯೂಚುರಾದಲ್ಲಿಯೇ ಇದೆ. ರೆನ್ನರನಿಗಾದರೋ ಬಾಳು ಅಷ್ಟು ಸುಗಮವಾಗಲಿಲ್ಲ: ನಾಟ್ಸಿಗಳ ಸಂಸ್ಕೃತಿನೀತಿಯನ್ನು ಖಂಡಿಸಿ 1932ರಲ್ಲಿ ಪುಸ್ತಕವನ್ನು ಪ್ರಕಟಿಸಿದ ಆತನನ್ನು ಮರುವರ್ಷ ಬಂಧಿಸಿ, ಮ್ಯೂನಿಕ್ಕಿನ ಮುದ್ರಣಶಾಲೆಯ ಹುದ್ದೆಯಿಂದ ತೆಗೆಯಲಾಯಿತು.

ಇತ್ತ ಅಮೆರಿಕದಲ್ಲಿ, 1930ರ ದಶಕ ಮುಗಿಯುವುದರೊಳಗೆ, ಫ್ಯೂಚುರಾದ ಪ್ರತಿಬಿಂಬಗಳೆನ್ನಬಹುದಾದ ‘ಟ್ವೆಂಟಿಯತ್ ಸೆಂಚುರಿ’, ‘ಸ್ಪಾರ್ಟನ್’ ಮೊದಲಾದ ಮೊಳೆಗಳು ಹೊರಟಿದ್ದವು. ಅಕ್ಷರದ ಆಕಾರಕ್ಕೆ ಅಲ್ಲಿ ಕೃತಿಸ್ವಾಮ್ಯವಿಲ್ಲವೆಂಬುದು 1978ರ ಎಲ್ಟ್ರಾ ಮೊಕದ್ದಮೆಯಲ್ಲಿ ಸ್ಥಿರಪಟ್ಟಿತು. ಫಾಂಟು ಗಣಕದ ತಂತ್ರಾಂಶವಾದ ಮೇಲೆ ಸ್ಥಿತಿ ವಕ್ರವಾಯಿತು: ಆಕಾರವು ಸರ್ವರದು, ಆ ಆಕಾರವನ್ನು ಬರೆದಿಟ್ಟ ಕಡತವು ಮಾತ್ರ ಒಡೆಯನದು ಎಂಬ ನಿಲವನ್ನು ನ್ಯಾಯಾಲಯವು 1998ರಲ್ಲಿ ಎತ್ತಿಹಿಡಿಯಿತು.

ಆ ಕಡತದಲ್ಲಿರುವುದಾದರೂ ಏನು? ಬಾಹ್ಯರೇಖೆಯ ಬಿಂದುಗಳು ಮತ್ತು ಅವುಗಳನ್ನು ಸೆಳೆದು ಬಾಗಿಸುವ ಹಿಡಿಕೆಗಳು. ಹೀಗೆ ಹಿಡಿಕೆಗಳಿಂದ ಬಾಗಿಸಿದ ಘನ ಬೆಝಿಯೆ ವಕ್ರರೇಖೆಯಿಂದ ನಿಜವಾದ ವೃತ್ತವನ್ನು ಬರೆಯುವುದು ಗಣಿತರೀತ್ಯಾ ಅಸಾಧ್ಯ. ನಾಲ್ಕು ಬಿಂದುಗಳನ್ನಿಟ್ಟು, ಹಿಡಿಕೆಯ ಉದ್ದವನ್ನು ತ್ರಿಜ್ಯದ ಸುಮಾರು 0.5523ರಷ್ಟಕ್ಕೆ ನಿಲ್ಲಿಸಿದರೆ, ಕಣ್ಣಿಗೆ ತಿಳಿಯದಷ್ಟು ಸಮೀಪಕ್ಕೆ ಬರಬಹುದು. ವಿನ್ಯಾಸಕನು ಅಲ್ಲಿಂದ ಮುಂದೆ ಆ ಸಂಖ್ಯೆಯನ್ನೂ ಕಣ್ಣಳತೆಯಿಂದ ಕೆಡಿಸುತ್ತಾ ಹೋಗುತ್ತಾನೆ. ಇದರ ಜೊತೆಗೆ ‘ಎ’ ಮತ್ತು ‘ವಿ’ ಒಟ್ಟಿಗೆ ಬಂದಾಗ ನಡುವಣ ಬಯಲನ್ನು ಎಷ್ಟು ಕುಗ್ಗಿಸಬೇಕೆಂಬಂತಹ ನೂರಾರು ಜೋಡಿಗಳ ಲೆಕ್ಕವೂ ಅಲ್ಲಿಯೇ ಕೂಡಿರುತ್ತದೆ. ಕಡತವನ್ನು ಹಂಚುವುದೆಂದರೆ ಈ ಶ್ರಮವನ್ನು ಹಂಚುವುದು.

ಅದಕ್ಕೆ ಧರ್ಮಶಾಸ್ತ್ರದಂತೆ ಒದಗಿದುದು ಎಸ್‌ಐಎಲ್ ಸಂಸ್ಥೆಯ ವಿಕ್ಟರ್ ಗಾಲ್ಟ್ನಿ ಮತ್ತು ನಿಕೊಲಾ ಸ್ಪಾಲಿಂಜೆ ರಚಿಸಿದ ‘ಓಪನ್ ಫಾಂಟ್ ಲೈಸೆನ್ಸ್’. ಇಂದು ಬಳಕೆಯಲ್ಲಿರುವ 1.1ನೆಯ ಆವೃತ್ತಿ 2007ರದು. ಫಾಂಟನ್ನು ಬಳಸಬಹುದು, ಅಭ್ಯಸಿಸಬಹುದು, ತಿದ್ದಬಹುದು, ಮರುಹಂಚಬಹುದು. ಅದೊಂದನ್ನೇ ಬೆಲೆಗೆ ಮಾರಕೂಡದು. ತಿದ್ದಿದ ರೂಪವು ಅದೇ ಪರವಾನಗಿಯಡಿಯಲ್ಲಿರಬೇಕು. ಮೂಲಕರ್ತನು ಹೆಸರನ್ನು ಕಾಯ್ದಿರಿಸಿದ್ದರೆ ತಿದ್ದಿದವನು ಬೇರೆ ಹೆಸರಿಡಬೇಕು. ಕೊನೆಯ ನಿಬಂಧನೆ ನನಗೆ ವಿಶೇಷವಾಗಿ ವಿವೇಕಯುತವೆನಿಸುತ್ತದೆ: ಶ್ರಮವನ್ನು ಬಿಟ್ಟುಕೊಟ್ಟವನು ತನ್ನ ಕೀರ್ತಿಯನ್ನು ಇತರರ ತಪ್ಪುಗಳಿಗೆ ಒತ್ತೆಯಿಡಬೇಕಾಗಿಲ್ಲ.

ಈ ಮಾರ್ಗದಲ್ಲಿ ಬಂದವು ಹಲವು. 2009ರಲ್ಲಿ ಆರಂಭವಾದ ‘ಲೀಗ್ ಆಫ್ ಮೂವಬಲ್ ಟೈಪ್’ ಬಳಗವು ಹಳೆಯ ಸ್ಪಾರ್ಟನ್ನಿನ ನೆನಪಿನಲ್ಲಿ ‘ಲೀಗ್ ಸ್ಪಾರ್ಟನ್’ ಅನ್ನು ಮುಕ್ತವಾಗಿ ನೀಡಿತು. ಹೀಗೆ ಫ್ಯೂಚುರಾದ ಅನುಕರಣದ ಅನುಕರಣವು ಸರ್ವರ ಸೊತ್ತಾಯಿತು. ಬ್ಯೂನಸ್ ಐರಿಸಿನ ಹೂಲಿಯೆಟಾ ಉಲಾನೊವ್ಸ್ಕಿಯವರು ತಮ್ಮ ಬಡಾವಣೆಯ ಹಳೆಯ ನಾಮಫಲಕಗಳಿಂದ ಪ್ರೇರಿತರಾಗಿ ‘ಮೊಂಟ್ಸೆರಾಟ್’ ಅನ್ನು ರೂಪಿಸಿದರು. ಭಾರತಕ್ಕೆ ಸಂಬಂಧಿಸಿದಂತೆ ಗಮನಾರ್ಹವಾದುದು ಇಂಡಿಯನ್ ಟೈಪ್ ಫೌಂಡ್ರಿಯ ‘ಪಾಪಿನ್ಸ್’: ನಿನಾದ್ ಕಾಳೆಯವರ ದೇವನಾಗರಿ, ಜಾನಿ ಪಿನ್‌ಹಾರ್ನರ ಲ್ಯಾಟಿನ್, ಎರಡಕ್ಕೂ ಒಂದೇ ಕೈವಾರದ ತತ್ತ್ವ.

ಕನ್ನಡದಲ್ಲಿ ಈ ತತ್ತ್ವದ ಪ್ರಯೋಗ ಮೇಲ್ನೋಟಕ್ಕೆ ಸುಲಭವೆಂದು ತೋರಬಹುದು. ನಮ್ಮ ಲಿಪಿ ದುಂಡು. ಅಶೋಕನ ಬ್ರಾಹ್ಮಿಯಲ್ಲಿ ಠಕಾರವು ಬರಿಯ ವೃತ್ತವೇ ಆಗಿದ್ದಿತು. ಆದರೆ ‘ಬಳ್ಳಿ’, ‘ರಾಷ್ಟ್ರ’ ಎಂಬಂತಹ ಶಬ್ದಗಳಲ್ಲಿ ಒತ್ತಕ್ಷರಗಳು ಕೆಳಗಿಳಿದೊಡನೆ ಕೈವಾರವು ಸೋಲುತ್ತದೆ: ಒಂದೇ ದಪ್ಪದ ಗೆರೆಯಲ್ಲಿ ಕುಗ್ಗಿಸಿದ ಒತ್ತು ಮಸಿಯ ಗಂಟಾಗುತ್ತದೆ, ಗೆರೆಯನ್ನು ತೆಳುವಾಗಿಸಿದರೆ ಮೇಲಿನ ಅಕ್ಷರದ ನಂಟು ತಪ್ಪುತ್ತದೆ. ಈ ತೊಡಕನ್ನು ಬಿಡಿಸಹೊರಟ ಕನ್ನಡದ ವಿನ್ಯಾಸಕನು, ಮುಕ್ತ ಪರವಾನಗಿಯ ಲ್ಯಾಟಿನ್ ಫಾಂಟೊಂದರ ಮೂಲಕಡತವನ್ನೇ ತೆರೆದು, ಅದರ ‘ಓ’ ಎಷ್ಟು ಬಾಗಿದೆ, ಸಂಧಿಗಳು ಎಷ್ಟು ಸಣ್ಣಗಾಗಿವೆ ಎಂಬುದನ್ನು ಅಳೆದು ನೋಡಿ, ಕನ್ನಡದ ಅಕ್ಷರಗಳನ್ನು ಅದರೊಳಕ್ಕೇ ಸೇರಿಸಿ, ಯಾರ ಅಪ್ಪಣೆಯನ್ನೂ ಬೇಡದೆ, ಅದೇ ಪರವಾನಗಿಯಡಿಯಲ್ಲಿ ಹೊಸ ಹೆಸರಿನಿಂದ ಪ್ರಕಟಿಸಬಹುದು.