ತಾಳವಾಡಿಯಲ್ಲಿ ವೈದ್ಯ, ರೋಗಿ ಮತ್ತು ನುಡಿ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ಕನ್ನಡವಾಡುವ ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಇದರ ಫಲವನ್ನು ಶಾಲೆ, ಕಚೇರಿಗಳಲ್ಲಿ ಅರಸಿದ ವಿದ್ವಾಂಸರು ಆಸ್ಪತ್ರೆಯತ್ತ ಅಷ್ಟಾಗಿ ನೋಡಿಲ್ಲ. ಅಲ್ಲಿ ಆಡಳಿತದ ಭಾಷೆ ತಮಿಳು. ಬೇನೆ ಹೇಳಿಕೊಳ್ಳುವ ಮನೆಮಾತು ಕನ್ನಡ ಅಥವಾ ಸೋಲಿಗನುಡಿ. ಜಿಲ್ಲಾಕೇಂದ್ರ ಈರೋಡಿಗೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು, ಚಾಮರಾಜನಗರವೇ ಹತ್ತಿರ.

ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಸೋಲಿಗರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತರಬೇತುಗೊಳಿಸಿದ್ದು, ಔಷಧ ಹಂಚಿಕೆಗಿಂತ ದೊಡ್ಡ ಕೆಲಸ. ಸೋಲಿಗರಲ್ಲಿ ಕಾಣುವ ಕುಡುಗೋಲು ಕಣ ರಕ್ತಹೀನತೆ ಅನುವಂಶಿಕ ಕಾಯಿಲೆ. ರಕ್ತಪರೀಕ್ಷೆಯ ಜೊತೆಗೆ ಮನೆತನದ ವೃತ್ತಾಂತವೂ ವೈದ್ಯರಿಗೆ ಬೇಕು. ತಾಳವಾಡಿಯಲ್ಲಿ ತಮಿಳು ಮಾತ್ರ ಬಲ್ಲ ವೈದ್ಯರು ಅದನ್ನು ದುಭಾಷಿಯ ಮೂಲಕವೇ ಕೇಳಬೇಕು. ಸತ್ತ ಕೂಸಿನ, ಒಳಸಂಬಂಧದ ಮದುವೆಯ ಮಾತನ್ನು ಮೂರನೆಯವರೆದುರು ಆಡಲು ಹೆಣ್ಣುಮಕ್ಕಳು ಹಿಂಜರಿಯುವುದು ಸಹಜ.