ಗುರು ಒಪ್ಪದ ಉಪವಾಸ

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಪೀಣ್ಯ ದಾಟಿ ನೆಲಮಂಗಲದ ಕಡೆ ಹೊರಟರೆ, ಕೆಲವೇ ಕಿಲೋಮೀಟರ್ ಅಂತರದಲ್ಲಿ ಹೊಟ್ಟೆಗೆ ಸಂಬಂಧಪಟ್ಟ ಎರಡು ತದ್ವಿರುದ್ಧ ವೈದ್ಯಗಳು ಎದುರಾಗುತ್ತವೆ. ಮಾಕಳಿಯಲ್ಲಿ ಹಿಮಾಲಯ ಕಂಪನಿ ಇದೆ. 1930ರಲ್ಲಿ ಡೆಹರಾಡೂನಿನಲ್ಲಿ ಶುರುವಾಗಿ 1975ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ತೆರೆದ ಈ ಕಂಪನಿ ಮನೆಮಾತಾದದ್ದು 1955ರಲ್ಲಿ ಬಂದ ಲಿವ್ 52ರಿಂದ. ಅದು ಲಿವರಿನ ಔಷಧ. ಆದರೆ ‘ಮಗೂಗೆ ಊಟ ಸೇರ್ತಿಲ್ಲ’ ಎಂದು ಮೆಡಿಕಲ್ ಸ್ಟೋರಿಗೆ ಬರುವ ತಾಯಂದಿರಿಗೆ ಅದು ಹಸಿವು ಹುಟ್ಟಿಸುವ ಔಷಧ. ಮಾಕಳಿಗಿಂತ ಮುಂಚೆಯೇ ಸಿಗುವ ಜಿಂದಾಲ್ ನಗರದಲ್ಲಿ 1970ರ ದಶಕದ ಕೊನೆಗೆ ತಲೆಯೆತ್ತಿದ ಪ್ರಕೃತಿ ಚಿಕಿತ್ಸಾಲಯವಿದೆ. ಅಲ್ಲಿನ ಪದ್ಧತಿಯಲ್ಲಿ ಉಪವಾಸಕ್ಕೆ, ಹಣ್ಣಿನ ರಸಕ್ಕೆ ದೊಡ್ಡ ಸ್ಥಾನ. ಒಂದು ಕಡೆ ಉಣ್ಣದವರನ್ನು ಉಣ್ಣಿಸುವ ಮದ್ದು, ಇನ್ನೊಂದು ಕಡೆ ಉಣ್ಣುವವರಿಗೆ ಊಟ ಬಿಡಿಸುವ ಪಥ್ಯ. ಹಸಿವಿಲ್ಲದೆಯೂ ತಿನ್ನುವ, ಬೇಡವೆಂದುಕೊಂಡರೂ ನಿಲ್ಲಿಸಲಾಗದ ಮನುಷ್ಯ ಎಲ್ಲಿಗೆ ಹೋಗಬೇಕು? ಉಪವಾಸದ ಕಡೆಗೇ ಎಂದು ಅವನಿಗೂ ಮನೆಯವರಿಗೂ ಎಷ್ಟೋ ಸಲ ವೈದ್ಯರಿಗೂ ಅನ್ನಿಸುತ್ತದೆ. ಈ ಒಂದು ಕಾಯಿಲೆಯ ಮಟ್ಟಿಗೆ ಅದು ತಪ್ಪು ದಾರಿ ಎಂಬುದು ನನ್ನ ವಾದ. ಸರಿದಾರಿಯ ಸುಳಿವು ನಮ್ಮ ನೆಲದ ಹಳೆಯ ಕಥೆಯೊಂದರಲ್ಲೇ ಇತ್ತು.

ಮನೋವೈದ್ಯರು ಬಿಂಜ್ ಈಟಿಂಗ್ ಎನ್ನುವ ಈ ಕಾಯಿಲೆ ಹೊಟ್ಟೆಬಾಕತನವಲ್ಲ. ಮದುವೆಮನೆಯಲ್ಲಿ ಹೋಳಿಗೆ ಮೇಲೆ ಹೋಳಿಗೆ ಹಾಕಿಸಿಕೊಂಡವನು ಖುಷಿಯಾಗಿ ತಿಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಾನೆ. ಈ ಕಾಯಿಲೆ ಇರುವವರು ಮನೆಯವರೆಲ್ಲ ಮಲಗಿದ ಮೇಲೆ ಡಬ್ಬಿ ಸದ್ದಾಗದಂತೆ ತೆಗೆದು, ರುಚಿ ಕೂಡ ನೋಡದೆ, ಹೊಟ್ಟೆ ಬಿರಿಯುವವರೆಗೆ ಗಬಗಬನೆ ತಿನ್ನುತ್ತಾರೆ. ಆಮೇಲೆ ತಮ್ಮ ಮೇಲೆ ತಮಗೇ ಹೇಸಿಗೆ. ಬುಲಿಮಿಯಾದಲ್ಲಿ ತಿಂದದ್ದನ್ನು ವಾಂತಿ ಮಾಡಿಯೋ ಬೇರೆ ರೀತಿಯಲ್ಲೋ ಸರಿದೂಗಿಸುವ ಯತ್ನ ಮತ್ತೆ ಮತ್ತೆ ನಡೆಯುತ್ತದೆ, ಇಲ್ಲಿ ಅದು ಇರುವುದಿಲ್ಲ. ಅಮೆರಿಕದ ಆಲ್ಬರ್ಟ್ ಸ್ಟಂಕರ್ಡ್ 1959ರಲ್ಲೇ ಇದನ್ನು ಗುರುತಿಸಿದ್ದರೂ ಅಲ್ಲಿನ ಮನೋವೈದ್ಯರ ಸಂಘ ಸ್ವತಂತ್ರ ಕಾಯಿಲೆಯೆಂದು ಒಪ್ಪಿದ್ದು 2013ರಲ್ಲಿ. ವಾರಕ್ಕೊಮ್ಮೆಯಾದರೂ, ಮೂರು ತಿಂಗಳ ಕಾಲ ಹೀಗಾದರೆ ಕಾಯಿಲೆ ಎಂಬುದು ಅವರ ಅಳತೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇದು ಜಾರಿಗೆ ಬಂದದ್ದು 2022ರಲ್ಲಿ.

ನಮ್ಮಲ್ಲಿ ಇದು ಇಷ್ಟು ದಿನ ಕಣ್ಣಿಗೆ ಬೀಳದಿರಲು ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು 42 ಲಕ್ಷದೊಳಗೆ ಇಳಿದಿತ್ತು. ನಡುವೆ ಬಂದದ್ದು 1876ರಿಂದ 78ರವರೆಗಿನ ಧಾತು ಈಶ್ವರ ಬರ. ಅಂಥದ್ದನ್ನು ಕಂಡ ನಾಡಿನಲ್ಲಿ ಹಸಿವಾಗದಿರುವುದು, ಮೈ ಕೈ ತುಂಬಿಕೊಳ್ಳದಿರುವುದು ರೋಗ. ಹೆಚ್ಚು ತಿನ್ನುವುದು ಒಂದೋ ಭಾಗ್ಯ, ಇಲ್ಲವೇ ಬಾಯಿಚಪಲ. ಭಾಗ್ಯಕ್ಕೆ ಮದ್ದು ಬೇಕಿಲ್ಲ, ಚಪಲಕ್ಕೆ ಬೈಗುಳ ಸಾಕು ಎಂಬ ಲೆಕ್ಕಾಚಾರ. ಬೆಂಗಳೂರಿನ ಮನೋವೈದ್ಯರನ್ನು ಪ್ರಶ್ನಿಸಿದ ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರ ಸಮೀಕ್ಷೆ 2012ರಲ್ಲಿ ಪ್ರಕಟವಾಯಿತು. ಊಟಕ್ಕೆ ಸಂಬಂಧಿಸಿದ ಮನೋರೋಗ ಒಂದನ್ನಾದರೂ ಕಂಡಿದ್ದೇವೆ ಎಂದವರು ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು. ಇಂಥ ಕಾಯಿಲೆಗಳು ಇಲ್ಲಿ ಇಲ್ಲ ಎನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು.

ಇನ್ನು ಹಳೆಯ ಕಥೆ. ಶ್ರವಣಬೆಳಗೊಳದ ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿ 1129ರ ಕಂಬದ ಶಾಸನವೊಂದಿದೆ. ಹಿಂದಿನ ಜೈನಾಚಾರ್ಯರನ್ನು ಹೊಗಳುತ್ತ ಅದು ಸಮಂತಭದ್ರರನ್ನು ಭಸ್ಮಕ ರೋಗವನ್ನು ಭಸ್ಮ ಮಾಡಿದವರೆಂದು ನೆನೆಯುತ್ತದೆ. ಎಷ್ಟು ತಿಂದರೂ ತೀರದ ಹಸಿವು ಭಸ್ಮಕ. ಕಥೆಯನ್ನು ಕಥಾಕೋಶಗಳೂ 19ನೇ ಶತಮಾನದಲ್ಲಿ ದೇವಚಂದ್ರ ಕನ್ನಡದಲ್ಲಿ ಬರೆದ ‘ರಾಜಾವಳಿ ಕಥೆ’ಯೂ ಬಿಡಿಸಿ ಹೇಳುತ್ತವೆ. ದಿನಕ್ಕೊಂದು ಹೊತ್ತು, ನಿಂತು, ಬೊಗಸೆಯಲ್ಲಿ ಉಣ್ಣಬೇಕಾದ ಮುನಿಗೆ ಈ ರೋಗ ಬಂತು. ಸಾಯುವವರೆಗಿನ ಉಪವಾಸ ವ್ರತವಾದ ಸಲ್ಲೇಖನ ತೆಗೆದುಕೊಂಡು ದೇಹ ಬಿಡುತ್ತೇನೆಂದು ಗುರುವನ್ನು ಕೇಳಿದರು. ಗುರು ಒಪ್ಪಲಿಲ್ಲ, ಮುನಿವೇಷ ಬಿಟ್ಟು ಹೋಗಿ ಉಂಡು ವಾಸಿಮಾಡಿಕೊಂಡು ಬಾ ಎಂದರು. ಸಮಂತಭದ್ರರು ಶಿವಕೋಟಿ ರಾಜನ ಶಿವಾಲಯ ಸೇರಿ, ಈ ನೈವೇದ್ಯವನ್ನು ದೇವರಿಗೇ ಉಣ್ಣಿಸುತ್ತೇನೆಂದು ಹೇಳಿ, ಬಾಗಿಲು ಹಾಕಿಕೊಂಡು ರಾಶಿ ಅನ್ನವನ್ನು ತಾವೇ ಉಂಡರು. ದಿನ ಕಳೆದಂತೆ ಎಡೆಯಲ್ಲಿ ಅನ್ನ ಮಿಗತೊಡಗಿತು. ರೋಗ ಇಳಿದದ್ದಕ್ಕೆ ಅದೇ ಗುರುತು, ಗುಟ್ಟು ಬಯಲಾದದ್ದೂ ಅದರಿಂದಲೇ. ಒಂದು ಮಾತು ಸೇರಿಸಬೇಕು: ಆ ಕಂಬ ನಿಂತಿರುವುದು ಸಲ್ಲೇಖನದಿಂದ ದೇಹ ಬಿಟ್ಟ ಮಲ್ಲಿಷೇಣ ಮಲಧಾರಿದೇವರ ನೆನಪಿಗೆ. ಉಪವಾಸವನ್ನು ಅಷ್ಟು ಎತ್ತರದಲ್ಲಿಟ್ಟ ಪರಂಪರೆಯೇ ಈ ಒಂದು ರೋಗಕ್ಕೆ ಅದನ್ನು ಒಲ್ಲೆ ಎಂದಿತು. ಚರಕ ಸಂಹಿತೆಯೂ ಮಿತಿಮೀರಿದ ಜಠರಾಗ್ನಿಗೆ ಲಂಘನ, ಅಂದರೆ ಉಪವಾಸ, ಹೇಳುವುದಿಲ್ಲ. ಭಾರವಾದ, ಸಿಹಿಯಾದ, ಜಿಡ್ಡಿನ ಆಹಾರವನ್ನು ಮತ್ತೆ ಮತ್ತೆ ಕೊಡು ಎನ್ನುತ್ತದೆ.

ಇದು ಪುರಾಣ, ಆ ಮುನಿಗೆ ಥೈರಾಯ್ಡೋ ಸಕ್ಕರೆ ಕಾಯಿಲೆಯೋ ಇದ್ದಿರಬಹುದು ಎಂದು ಆಕ್ಷೇಪಿಸಿದರೆ ಒಪ್ಪುತ್ತೇನೆ. ಸಾವಿರ ವರ್ಷಕ್ಕೂ ಹಿಂದಿನವರ ನಾಡಿ ಹಿಡಿಯುವ ಉದ್ದೇಶ ನನಗಿಲ್ಲ. ಚರಕ ಹೇಳುವುದು ದೇಹವನ್ನೇ ಸುಡುವ ಹಸಿವನ್ನು. ಬಿಂಜ್ ಈಟಿಂಗ್‌ನಲ್ಲಿ ಎಷ್ಟೋ ಸಲ ಹಸಿವೇ ಇರುವುದಿಲ್ಲ. ಎರಡೂ ಒಂದೇ ಅಲ್ಲ. ನನಗೆ ಮುಖ್ಯವಾದದ್ದು ಗುರು ಹಿಡಿದ ಕ್ರಮ. ಶಿಷ್ಯನದು ನಿಗ್ರಹ ಸಾಲದ ದೋಷವೆಂದು ಅವರು ಎಣಿಸಲಿಲ್ಲ. ಅಸಾಧಾರಣ ನಿಗ್ರಹವಿದ್ದವನಿಗೇ ಬಂದ ರೋಗವೆಂದು ಕಂಡು, ನಿಗ್ರಹವನ್ನೇ ಸಡಿಲಿಸಿದರು. ಆ ಕ್ರಮದ ಪರವಾಗಿ ಈ ಕಾಲದ ಸಾಕ್ಷಿಯೂ ಇದೆ. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ತೂಕ ಕಾಲುಭಾಗದಷ್ಟು ಇಳಿಯಿತು. ಮತ್ತೆ ಊಟ ಸಿಕ್ಕಾಗ ಹಲವರು ಹೊಟ್ಟೆ ಬಿರಿಯೆ ತಿಂದರೂ ತೃಪ್ತಿಯಾಗದೆ ಒದ್ದಾಡಿದರು. ಊಟ ಕಟ್ಟಿಹಾಕಿದರೆ ಮುಂದೆ ಅದು ಕಟ್ಟೆಯೊಡೆಯಬಹುದು ಎನ್ನಲು ಇದಕ್ಕಿಂತ ನೇರವಾದ ಸಾಕ್ಷಿ ಕಡಿಮೆ.

ಹಾಗಾದರೆ ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡುವವರೆಲ್ಲ ರೋಗಿಗಳಾಗಬೇಕಿತ್ತಲ್ಲ? ಆಗುವುದಿಲ್ಲ. ವ್ರತಕ್ಕೆ ತಿಥಿ ಗೊತ್ತು, ಪಾರಣೆಯ ಹೊತ್ತು ಗೊತ್ತು, ಜೊತೆಗೆ ಊರೆಲ್ಲ ಇರುತ್ತದೆ. ನಿನ್ನೆ ರಾತ್ರಿ ಕದ್ದು ತಿಂದದ್ದಕ್ಕೆ ಇವತ್ತು ತನಗೆ ತಾನೇ ವಿಧಿಸಿಕೊಳ್ಳುವ ಉಪವಾಸ ಬೇರೆ ಜಾತಿಯದು. ಸಂಜೆಗೆ ಅದೇ ಮುಂದಿನ ಸುತ್ತಿಗೆ ದಾರಿಯಾಗುತ್ತದೆ. ಇದು ಉಳ್ಳವರ ಕಾಯಿಲೆ ಎಂಬ ಆಕ್ಷೇಪಕ್ಕೆ ಉತ್ತರ ಟೆಕ್ಸಾಸಿನಿಂದ ಬಂದಿದೆ: ಉಚಿತ ದಿನಸಿ ಕೇಂದ್ರಗಳಿಗೆ ಬರುವವರನ್ನು ಕುರಿತ 2017ರ ಅಧ್ಯಯನದಲ್ಲಿ, ಮನೆಯಲ್ಲಿ ಊಟದ ಕೊರತೆ ಹೆಚ್ಚಿದ್ದಷ್ಟೂ ಬಿಂಜ್ ಈಟಿಂಗ್ ಹೆಚ್ಚಿತ್ತು. ತೂಕದ ಪ್ರಶ್ನೆ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಈಗಾಗಲೇ ದಪ್ಪಗಿರುವವರಿಗೆ ಹೊತ್ತು ಹೊತ್ತಿಗೆ ಉಣ್ಣಿ ಎಂದರೆ? ಇಲ್ಲಿ ಉತ್ತರ ಪೂರ್ತಿ ಸಮಾಧಾನ ತರುವುದಿಲ್ಲ. ಮಾತಿನ ಚಿಕಿತ್ಸೆ ಪಡೆದವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಕಾಯಿಲೆ ನಿಲ್ಲುತ್ತದೆ, ಆದರೆ ತೂಕ ಅಷ್ಟಾಗಿ ಇಳಿಯುವುದಿಲ್ಲ. ಏರುತ್ತ ಹೋಗುವುದು ನಿಲ್ಲುವುದೇ ಮೊದಲ ಲಾಭ.

ಆ ಚಿಕಿತ್ಸೆಯ ಮೊದಲ ಹೆಜ್ಜೆ ನೋಡಲು ತೀರಾ ಸಾದಾ. ಏನು ತಿಂದೆ, ಎಷ್ಟು ಹೊತ್ತಿಗೆ, ಎಲ್ಲಿ, ಆಗ ಮನಸ್ಸು ಹೇಗಿತ್ತು ಎಂದು ಆಯಾ ಹೊತ್ತಿಗೇ ಬರೆದಿಡುವುದು. ದಿನಕ್ಕೆ ಮೂರು ಊಟ, ನಡುವೆ ಎರಡೋ ಮೂರೋ ಸಲ ತಿಂಡಿ, ಮೂರು ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡದಿರುವುದು. ರಾತ್ರಿ ಏನೇ ಆಗಿರಲಿ, ಬೆಳಗಿನ ತಿಂಡಿ ಬಿಡುವಂತಿಲ್ಲ. ಆಮೇಲೆ ಯಾವ ಜಗಳ, ಯಾವ ಒಂಟಿತನ, ಯಾವ ಕನ್ನಡಿ ಕೈಯನ್ನು ಡಬ್ಬಿಗೆ ಎಳೆಯುತ್ತದೆ ಎಂಬ ಹುಡುಕಾಟ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ.

ಆದರೆ ಪೀಣ್ಯದಿಂದ ಮಾಕಳಿವರೆಗಿನ ಕೆಲಸಗಾರರ ದಿನಚರಿಯಲ್ಲಿ ಈ ಸಾದಾ ಹೆಜ್ಜೆಯೇ ಕಷ್ಟ. ಈ ವಾರ ಬೆಳಗಿನ ಶಿಫ್ಟು, ಬರುವ ವಾರ ರಾತ್ರಿ ಪಾಳಿ ಎಂದಿರುವವರಿಗೆ ಊಟದ ಹೊತ್ತು ಅವರ ಕೈಯಲ್ಲಿಲ್ಲ. 1948ರ ಕಾರ್ಖಾನೆ ಕಾಯ್ದೆ ಮನೋವೈದ್ಯರಿಗಿಂತ ಮುಂಚೆಯೇ ‘ಹೊತ್ತಿಗೆ ಊಟ’ ಎಂಬ ಮಾತಿಗೆ ಬಂದಿತ್ತು: ಐದು ಗಂಟೆಗಿಂತ ಹೆಚ್ಚು ಬಿಡುವಿಲ್ಲದೆ ದುಡಿಸುವಂತಿಲ್ಲ, 250ಕ್ಕಿಂತ ಹೆಚ್ಚು ಜನರಿದ್ದ ಕಡೆ ಕ್ಯಾಂಟೀನ್ ನಡೆಸಲೇಬೇಕು ಎಂಬುದು ಅದರ ಆಶಯವಾಗಿತ್ತು. ದುಡಿಯುವವರ ಊಟದ ಹೊತ್ತನ್ನು ಕಾಪಾಡಲು ಅದಕ್ಕಿಂತ ದೊಡ್ಡ ಏರ್ಪಾಡು ಈ ರಸ್ತೆಯಲ್ಲಿ ಬೇರೆ ಇರಲಿಲ್ಲ. ಆದರೆ 2023ರಲ್ಲಿ ಕರ್ನಾಟಕ ಆ ಕಾಯ್ದೆಗೆ ತಂದ ತಿದ್ದುಪಡಿ, ವಾರದ 48 ಗಂಟೆಯ ಮಿತಿಯೊಳಗೆ ಒಂದು ದಿನದ ದುಡಿಮೆಯನ್ನು 12 ಗಂಟೆವರೆಗೆ ಎಳೆಯಲು ದಾರಿ ಮಾಡಿಕೊಟ್ಟಿತು.